ಸದ್ದು ಮೊದಲು, ಮಿಡಿತ ಆಮೇಲೆ: ಕೊನೆಗೂ ನಿಂತ 5 ಮಿಲಿಸೆಕೆಂಡ್

ಕಿವಿಯ ಗುಂಯ್ ಸದ್ದಿಗೆ (ಟಿನಿಟಸ್) ನಾನು ಕಟ್ಟುತ್ತಿರುವ ಯಂತ್ರದಲ್ಲಿ ಮೊದಲು ಸದ್ದು, ಆಮೇಲೆ ಕರೆಂಟಿನ ಮಿಡಿತ ಬರಬೇಕು. ಈಗ ಆಸಿಲೋಸ್ಕೋಪಿನಲ್ಲಿ (ಸಿಗ್ನಲನ್ನು ಗೆರೆಯಾಗಿ ತೋರಿಸುವ ಉಪಕರಣ) ಆ ಎರಡರ ಗೆರೆಗಳ ನಡುವೆ ಸರಿಯಾಗಿ 5 ಮಿಲಿಸೆಕೆಂಡ್. ಅಲುಗಾಡುತ್ತಿಲ್ಲ!

ಇಎಸ್‌ಪಿ32 (ಎಲ್ಲವನ್ನೂ ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್), ಪಿಸಿಎಂ5102 ಡ್ಯಾಕ್ (ಅಂಕಿಗಳನ್ನು ಸದ್ದಿನ ಸಿಗ್ನಲ್ ಮಾಡುವ ಚಿಪ್), ವೈರಿಂಗ್ ಎಲ್ಲ ಸುಲಭ, ಬಿಡಿ. ತಲೆ ತಿಂದಿದ್ದು ಟೈಮಿಂಗ್. ಮಿಷಿಗನ್ ವಿಶ್ವವಿದ್ಯಾಲಯದ ಸೂಸನ್ ಶೋರ್ ಅವರ ತಂಡ ಟಿನಿಟಸ್‌ಗೆ ಕಿವಿಯಲ್ಲಿ ಸದ್ದು, ಕೆನ್ನೆ ಅಥವಾ ಕತ್ತಿಗೆ ಮೆದುವಾದ ಕರೆಂಟು ಜೋಡಿಸಿ ಕೊಡುತ್ತದೆ. ಮೆದುಳಿನ ಬುಡದಲ್ಲಿ ಕಿವಿಯ ನರದ ಸುದ್ದಿಯೂ ಮುಖ, ಕತ್ತಿನ ನರಗಳ ಸುದ್ದಿಯೂ ಒಂದೇ ಕಡೆ ಸೇರುತ್ತವೆ. ಯಾವುದು ಮೊದಲು ಬಂತು, ಎಷ್ಟು ಅಂತರದಲ್ಲಿ ಬಂತು ಎನ್ನುವುದರ ಮೇಲೆ ಅಲ್ಲಿನ ಕೋಶಗಳ ಗಲಾಟೆ ತಗ್ಗುತ್ತದೆ ಅಥವಾ ಏರುತ್ತದೆ. 2023ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 99 ಜನ ಇದ್ದರು. ದಿನಕ್ಕೆ 30 ನಿಮಿಷ, 6 ವಾರ. ಎಲ್ಲರೂ ದವಡೆ ಕಚ್ಚಿದರೆ, ಕತ್ತು ತಿರುಗಿಸಿದರೆ ಗುಂಯ್ ಸದ್ದು ಬದಲಾಗುವ ಜಾತಿಯವರು. ನನ್ನ ಎಡಗಿವಿಯೂ ಅದೇ ಜಾತಿ.

ನಾನು ಸದ್ದನ್ನು ಬಫರಿಗೆ (ಸದ್ದು ಹೊರಡುವ ಮುಂಚೆ ಕಾಯುವ ಜಾಗ) ಬರೆದ ಕೂಡಲೇ ಮಿಡಿತ ಕಳಿಸುವ ಇಎಸ್‌ಪಿ32ರ ಪಿನ್ ಆನ್ ಮಾಡುತ್ತಿದ್ದೆ. 64 ಸ್ಯಾಂಪಲಿನ (ಸದ್ದಿನ ಒಂದೊಂದು ಅಳತೆ) 8 ಬಫರ್ ಅಂದರೆ 44,100 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟು ಸ್ಯಾಂಪಲಿನಂತೆ, 11.6 ಮಿಲಿಸೆಕೆಂಡ್. ಸದ್ದು ರೇಷನ್ ಅಂಗಡಿ ಕ್ಯೂನಲ್ಲಿ ನಿಂತಂತೆ ನಿಂತಿರುತ್ತದೆ, ಮಿಡಿತ ಹಿಂಬಾಗಿಲಿನಿಂದ ಹೊರಟೇಹೋಗಿರುತ್ತದೆ. ಅಂದರೆ ಕ್ರಮವೇ ಉಲ್ಟಾ! ಡಿಲೇ ಸೇರಿಸಿದರೂ ಬಫರ್ ಒಮ್ಮೆ ತುಂಬಿರುತ್ತದೆ, ಒಮ್ಮೆ ಅರ್ಧ ಇರುತ್ತದೆ. ಗೆರೆ ಕುಣಿಯುತ್ತಲೇ ಇತ್ತು. ಬ್ಲೂಟೂತ್ ಹೆಡ್‌ಫೋನ್ ಹಾಕಿ ಅಂದವರಿಗೆ ದೂರದಿಂದಲೇ ನಮಸ್ಕಾರ, ಅದು ಇನ್ನೂ ತಡಮಾಡುತ್ತದೆ.

ಪಿನ್ನಿನ ಸಹವಾಸ ಬಿಟ್ಟ ಮೇಲೆ ದಾರಿ ಸಿಕ್ಕಿತು. ಸ್ಟೀರಿಯೋದ ಎಡ ಚಾನೆಲ್ಲಿನಲ್ಲಿ ಸದ್ದು, ಬಲದಲ್ಲಿ ಮಿಡಿತದ ಸೂಚನೆ. ಬಫರ್ ತಡಮಾಡಿದರೂ ಎರಡನ್ನೂ ಒಟ್ಟಿಗೇ ತಡಮಾಡುತ್ತದೆ, ಅಲ್ವಾ? ಆದರೆ 44,100ರಲ್ಲಿ 5 ಮಿಲಿಸೆಕೆಂಡಿಗೆ 220.5 ಸ್ಯಾಂಪಲ್. ಅರ್ಧ ಸ್ಯಾಂಪಲ್ ಎಲ್ಲಿಂದ ತರೋದು? 48,000ಕ್ಕೆ ಏರಿಸಿದೆ, ಲೆಕ್ಕ 240ಕ್ಕೆ ಚೊಕ್ಕ. ಇನ್ನೊಂದು ಕಿರಿಕಿರಿ: ಡ್ಯಾಕ್ ಒಳಗಿನ ಫಿಲ್ಟರ್ ಮಿಡಿತಕ್ಕೆ ಮುಂಚೆ ಸಣ್ಣ ಅಲೆ ಎಬ್ಬಿಸುತ್ತದೆ. ವೋಲ್ಟೇಜ್ ಒಂದು ಮಿತಿ ದಾಟಿತೇ ಎಂದು ನೋಡುವ ಎಲ್‌ಎಂ393 ಚಿಪ್ ಅದನ್ನೇ ಮಿಡಿತ ಅಂದುಕೊಂಡು ಜಿಗಿಯುತ್ತಿತ್ತು. ಮಿತಿಯನ್ನು 1.5 ವೋಲ್ಟಿಗೆ ಏರಿಸಿದ ಮೇಲೆ ತೆಪ್ಪಗಾಯಿತು.

ಡ್ಯಾಕ್ ಮಾರಿದ ಬೆಂಗಳೂರಿನ ಎಸ್.ಪಿ. ರೋಡಿನ ಪುಣ್ಯಾತ್ಮರ ವಿಷಯ ಹೇಳಲೇಬೇಕು. ಬೋರ್ಡಿನ ಹಿಂದಿನ ಜಂಪರ್ ಪ್ಯಾಡುಗಳಿಗೆ ಬೆಸುಗೆಯೇ ಇಲ್ಲ. ಸದ್ದನ್ನು ಮ್ಯೂಟ್ ಮಾಡುವ ಎಕ್ಸ್‌ಎಸ್‌ಎಂಟಿ ಪ್ಯಾಡ್ ಖಾಲಿ ಬಿಟ್ಟರೆ ಬೋರ್ಡ್ ಮೌನವ್ರತ ಹಿಡಿಯುತ್ತದೆ. ಕೇಳಿದರೆ, "ವರ್ಕಿಂಗ್ ಪೀಸ್ ಸಾರ್, ವಾಪಸ್ ಇಲ್ಲ." ಜೊತೆಗೆ ತಂದ ಎರಡನೇ ಬೋರ್ಡ್ ದಿಂಬಿನ ಸ್ಪೀಕರಿಗೆ ಹೋಗುತ್ತದೆ. ಆಗುಂಬೆಯ ಮಳೆ ರೆಕಾರ್ಡ್ ಮಾಡಿ, ಮಲಗುವಾಗ ಸಣ್ಣಗೆ ಹಾಕಿಕೊಳ್ಳುವ ಯೋಜನೆ. ಮೈಕಿಗೆ ನೀರು ತಾಗದ ಹಾಗೆ ಏನು ಹೊದಿಸೋದು, ಹೇಳಿ.

ಅಂದಹಾಗೆ, ಮಿಡಿತ ಹೋಗುತ್ತಿರುವುದು 1 ಕಿಲೋಓಮ್ ರೆಸಿಸ್ಟರಿಗೆ ಮಾತ್ರ. ನನ್ನ ಕೆನ್ನೆಗಲ್ಲ. ಸುಮ್ನೆ ಟೆನ್ಸ್ ಮಷೀನನ್ನು (ನೋವಿಗೆ ಚರ್ಮದ ಮೇಲಿಂದ ಕರೆಂಟು ಕೊಡುವ ಯಂತ್ರ) ಕತ್ತಿಗೆ ಹಚ್ಚಿ ನೋಡೋಣ ಅನ್ನಬೇಡಿ ಮಾರಾಯ್ರೆ. ಕತ್ತಿನ ಮುಂಭಾಗದ ರಕ್ತನಾಳದ ಹತ್ತಿರ ಅದು ಜಾಸ್ತಿ ಅಪಾಯ, ಬಿಪಿ ಕುಸಿಯಬಹುದು. ಮುಂದಿನ ಕೆಲಸ ಆಪ್ಟೋಕಪ್ಲರ್ (ತಂತಿಯ ಬದಲು ಬೆಳಕಿನಿಂದ ಸಿಗ್ನಲ್ ದಾಟಿಸುವ ಚಿಪ್) ಹಾಕಿ ಮಿಡಿತದ ಭಾಗವನ್ನು ಯುಎಸ್‌ಬಿಯಿಂದ ಪೂರ್ತಿ ಬೇರೆ ಮಾಡಿ ಬ್ಯಾಟರಿಗೆ ಕಟ್ಟುವುದು. ಅದಕ್ಕೆ ಪಿಸಿ817 ಚಿಪ್ ತಂದಿಟ್ಟಿದ್ದೇನೆ, ಈ ಸಲ ಬೇರೆ ಅಂಗಡಿಯಿಂದ.