ನಾಲ್ಕು ವಾರಕ್ಕೊಂದು ಇಂಜೆಕ್ಷನ್

ನನ್ನ ತಂಗಿಗೆ ಹನ್ನೊಂದು ವರ್ಷ ಇದ್ದಾಗ ರುಮ್ಯಾಟಿಕ್ ಜ್ವರ ಬಂದು ಹಾರ್ಟ್ ವಾಲ್ವ್‌ಗೆ ಪೆಟ್ಟಾಯ್ತು, ಶುರುವಾಗಿದ್ದು ಬರೀ ಗಂಟಲು ನೋವಿಂದ ಅಂದ್ರೆ ಈಗಲೂ ನಂಬೋಕಾಗಲ್ಲ. ಆಮೇಲೆ ಆ ಜ್ವರ ಮತ್ತೆ ಬರದೇ ಇರ್ಲಿ ಅಂತ ತಿಂಗಳು ತಿಂಗಳು ಪೆನಿಸಿಲಿನ್ ಇಂಜೆಕ್ಷನ್. ಆ ಬಿಳಿ ಔಷಧಿ ಗಟ್ಟಿ ಇರುತ್ತೆ, ನರ್ಸ್ ಸಿರಿಂಜನ್ನ ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡೋರು, ಇವಳು ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡು ಕಣ್ಣು ಮುಚ್ಚೋಳು, ಆಮೇಲೆ ಎರಡು ದಿನ ಕುಂಟ್ಕೊಂಡೇ ಓಡಾಡೋಳು. ಮಗೂಗೆ ಇಷ್ಟು ನೋವು ಕೊಟ್ಟು ಉಪಯೋಗ ಇದ್ಯಾ ಅಂತ ಅಮ್ಮ ಎಷ್ಟು ಸಲ ಅತ್ತಿದಾರೋ.

ಮೊನ್ನೆ ಉಗಾಂಡಾದಲ್ಲಿ ನಡೆದ ಗೋಲ್ ಅನ್ನೋ ಟ್ರಯಲ್ ಬಗ್ಗೆ ಓದಿದೆ, ರಿಸಲ್ಟ್ ಬಂದಿದ್ದು 2021ರಲ್ಲಿ. 5ರಿಂದ 17 ವರ್ಷದ 818 ಮಕ್ಕಳು, ಹೊರಗಡೆ ಏನೂ ಗೊತ್ತಾಗಲ್ಲ, ಎಕೋದಲ್ಲಿ, ಅಂದ್ರೆ ಹಾರ್ಟ್ ಸ್ಕ್ಯಾನಲ್ಲಿ ಮಾತ್ರ ಈ ವಾಲ್ವ್ ಕಾಯಿಲೆ ಕಾಣ್ಸಿದ್ದು. ಅರ್ಧದಷ್ಟು ಮಕ್ಕಳಿಗೆ ಎರಡು ವರ್ಷ ನಾಲ್ಕು ವಾರಕ್ಕೊಂದು ಇದೇ ಪೆನಿಸಿಲಿನ್ ಇಂಜೆಕ್ಷನ್. ಅವರಲ್ಲಿ ಕಾಯಿಲೆ ಜಾಸ್ತಿ ಆಗಿದ್ದು 3 ಮಕ್ಕಳಿಗೆ, ಇಂಜೆಕ್ಷನ್ ಇಲ್ದೇ ಇದ್ದೋರಲ್ಲಿ 33.

ತಂಗಿ ಕೇಸ್ ಬೇರೆ ನಿಜ, ಅವಳಿಗೆ ಗೊತ್ತಾಗೋ ಹೊತ್ತಿಗೇ ವಾಲ್ವ್ ಹಾಳಾಗಿತ್ತು. ಸ್ಕೂಲಲ್ಲೇ ಯಾರಾದ್ರೂ ಒಂದು ಎಕೋ ಮಾಡಿದ್ರೆ ಅನ್ನೋ ಸಂಕಟ ಹೋಗ್ತಿಲ್ಲ. ಆದ್ರೂ 3 ಮತ್ತೆ 33 ಅನ್ನೋದನ್ನ ಅಮ್ಮಂಗೆ ಫೋನಲ್ಲಿ ಎರಡೆರಡು ಸಲ ಹೇಳ್ದೆ.