ಇಳಿಯದ ಗೆರೆ, ಐದು ರಾತ್ರಿ ಮತ್ತು ಒಂದು ಕಾಂಗ್ರೆಸ್ ಗಿಡ

ಕೊನೆಗೂ ಸಿಕ್ಕಿಬಿದ್ದ. ಐದು ರಾತ್ರಿ ನಿದ್ದೆ ಕೆಡಿಸಿದ ಕಳ್ಳ ನನ್ನ ಸರ್ಕ್ಯೂಟ್‌ನಲ್ಲಿ ಇರಲೇ ಇಲ್ಲ. ಮಂಡ್ಯದ ಹೊರಗೆ ಚಿಕ್ಕಪ್ಪನ ಕಬ್ಬಿನ ಗದ್ದೆ ಬದುವಿನ ಮೇಲೆ ಆರಾಮಾಗಿ ನಿಂತಿದ್ದ.

ಎಲೆ ಬೆಳಕು ಹೀರಿ ವಾಪಸ್ ಬಿಡೋ ಮಂಕು ಕೆಂಪು ಹೊಳಪನ್ನು ಅಳೆಯಲು ಮನೆಯಲ್ಲೇ ಒಂದು ಡಬ್ಬಿ ಕಟ್ಟಿದ್ದೆ. ಬಿಸ್ಕತ್ ಡಬ್ಬಿ, ಒಳಗೆ ಕಪ್ಪು ಬಣ್ಣ, 450 ನ್ಯಾನೊಮೀಟರ್ ನೀಲಿ ಎಲ್‌ಇಡಿ, ಬಿಪಿಡಬ್ಲ್ಯೂ 34 ಫೋಟೊಡಯೋಡ್ (ಬೆಳಕು ಅಳೆಯೋ ಬಿಡಿಭಾಗ), ಅದರ ಮುಂದೆ ನೀಲಿಯನ್ನು ತಡೆಯೋ ಕೆಂಪು ಫಿಲ್ಟರ್, ಹಿಂದೆ ಅಳತೆಯನ್ನು ಅಂಕಿಯಾಗಿಸೋ ಆರ್ಡುಯಿನೊ ಬೋರ್ಡ್. ಕತ್ತಲಲ್ಲಿ 20 ನಿಮಿಷ ಕೂತ ಎಲೆಗೆ ತಟ್ಟನೆ ಬೆಳಕು ಬಿಟ್ಟರೆ ಅದರ ಕೆಂಪು ಹೊಳಪು ಸೆಕೆಂಡಿನೊಳಗೆ ಮೇಲೇರಿ, ಆಮೇಲೆ ಕೆಲವು ನಿಮಿಷ ನಿಧಾನವಾಗಿ ಇಳಿಯಬೇಕು. 1931ರಲ್ಲಿ ಕೌಟ್ಸ್ಕಿ ಮತ್ತು ಹಿರ್ಶ್ ಅನ್ನೋ ವಿಜ್ಞಾನಿಗಳು ಇದನ್ನು ಕಣ್ಣಲ್ಲೇ ನೋಡಿ ಬರೆದಿದ್ದರು. ನನಗೆ ಎರಡು ವಾರದ ಹಿಂದೆ ಒಲಿದಿತ್ತು: ಆರ್ಡುಯಿನೊ ಅಂಕಿಯಲ್ಲಿ 790ಕ್ಕೆ ಏರಿ, ಮೂರು ನಿಮಿಷದಲ್ಲಿ 410ಕ್ಕೆ ಇಳಿದ ಚೆಂದದ ಗ್ರಾಫಿನ ಗೆರೆ. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಅಮ್ಮ "ಇಷ್ಟೇನಾ?" ಅಂದರು.

ಶನಿವಾರ ಹೊಸ ಫಿಲ್ಟರ್ ಬಂತು. 50 ಮಿಲಿಮೀಟರಿನದು ಕೇಳಿದ್ದೆ, ಬಂದದ್ದು 25, ಅದರ ಮೇಲೆ ಬೆಕ್ಕು ಪರಚಿದ ಹಾಗೆ ಗೀರು. ಇರಲಿ ಅಂತ ಹಾಕಿದೆ. ಗೆರೆ 810ಕ್ಕೆ ಹಾರಿತು. ಹಾರಿದ್ದು ಅಲ್ಲೇ ಕೂತುಬಿಟ್ಟಿತು. ಮೂರು ನಿಮಿಷ ಆದರೂ 795.

ಎಲೆ ಹೀರಿದ ಬೆಳಕಿನಲ್ಲಿ ಹೊಳಪಾಗಿ ವಾಪಸ್ ಬರೋದು ನೂರಕ್ಕೆ ಒಂದೆರಡು ಪಾಲು ಅಷ್ಟೇ. ಹಾಗಾಗಿ ನೀಲಿ ಬೆಳಕು ಫಿಲ್ಟರ್ ದಾಟಿ ಸೋರ್ತಿದೆ, ನಾನು ಎಲೆ ಬಿಟ್ಟು ಎಲ್‌ಇಡಿಯನ್ನೇ ಅಳೀತಿದ್ದೀನಿ ಅಂತ ತೀರ್ಮಾನಿಸಿ, ರಾತ್ರಿ ಹನ್ನೊಂದೂವರೆಗೆ ಅಂಗಡಿಯವರಿಗೆ ಉದ್ದದ್ದೊಂದು ಮೆಸೇಜ್ ಹಾಕಿದೆ. ಅದರಲ್ಲಿ "ಮೋಸ" ಅನ್ನೋ ಪದ ಮೂರು ಸಲ ಬಂದಿತ್ತು.

ಭಾನುವಾರ ಎಲೆಯ ಜಾಗದಲ್ಲಿ ಬಿಳಿ ಕಾಗದ ಇಟ್ಟೆ. 38. ಸೋರಿಕೆ ಇಲ್ಲ. ಸೋಮವಾರ ಹಳೇ ಫಿಲ್ಟರ್ ಹಾಕಿದೆ, ಅದೇ ಕತೆ. ಎಲ್‌ಇಡಿ ಬಿಸಿಯಾಗಿದ್ದರೆ ಬೆಳಕು ಕಮ್ಮಿ ಆಗಬೇಕಿತ್ತು, ಗೆರೆ ಇಳಿಯಬೇಕಿತ್ತು, ಅದೂ ಅಲ್ಲ. ಸಂಕೇತ ಹಿಗ್ಗಿಸೋ ಆಪ್ ಆಂಪ್ ಚಿಪ್ ಬದಲಿಸಿದೆ, ಕೇಬಲ್ ಬದಲಿಸಿದೆ, ಮಂಗಳವಾರ ಕೋಡನ್ನೇ ಹೊಸದಾಗಿ ಬರೆದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಅನ್ನೋ ನಿಯಮವನ್ನು ವ್ರತದ ಹಾಗೆ ಪಾಲಿಸಿದೆ. ಎಲೆಯನ್ನು ಮಾತ್ರ ಬದಲಿಸಲಿಲ್ಲ, ಯಾಕೆಂದರೆ ಅದು ಸ್ಥಿರವಾಗಿರಬೇಕಲ್ವಾ! ದಿನಾ ಬೆಳಗ್ಗೆ ಅದೇ ಬದುವಿನಿಂದ ಅದೇ ಕಾಂಗ್ರೆಸ್ ಗಿಡದ ಎಲೆ. ನೋಡಲು ಹಸಿರಾಗಿ, ದಷ್ಟಪುಷ್ಟವಾಗಿತ್ತು.

ಬುಧವಾರ ರಾತ್ರಿ ಬೇಸರಕ್ಕೆ, ಸುಮ್ನೆ, ಅಂಗಳದ ದಾಸವಾಳದ ಎಲೆ ಕಿತ್ತು ಇಟ್ಟೆ. ಏರಿತು. ಇಳಿಯಿತು. ಚಿಕ್ಕಪ್ಪನಿಗೆ ಆಗಲೇ ಫೋನ್.

"ಶುಕ್ರವಾರ ಕಳೆ ಔಷಧಿ ಹೊಡಿಸಿದ್ನಲ್ಲ ಮಗ, ಅಟ್ರಾಜಿನ್ನು. ಯಾಕ್ಲಾ, ಈ ಹೊತ್ನಲ್ಲಿ?"

ಅಷ್ಟೇ. ಎಲೆಯೊಳಗೆ ಬೆಳಕು ಹಿಡಿಯೋ ಯಂತ್ರವಾದ ಎರಡನೇ ಫೋಟೊಸಿಸ್ಟಮ್‌ನಿಂದ ಹೊರಟ ಎಲೆಕ್ಟ್ರಾನ್ ಮೊದಲು ಕ್ಯೂಎ ಅನ್ನೋ ಅಣುವಿನ ಹತ್ತಿರ ಬರುತ್ತದೆ, ಅಲ್ಲಿಂದ ಕ್ಯೂಬಿ ಅನ್ನೋ ಮುಂದಿನ ಅಣುವಿಗೆ ಹೋಗಬೇಕು. ಆ ಯಂತ್ರದ ಡಿ1 ಅನ್ನೋ ಪ್ರೋಟೀನಿನಲ್ಲಿ ಆ ಕ್ಯೂಬಿ ಕೂರುವ ಜಾಗಕ್ಕೇ ಅಟ್ರಾಜಿನ್ ಬಂದು ವಕ್ಕರಿಸುತ್ತದೆ. ಬಸ್ಸಿನಲ್ಲಿ ಸೀಟಿಗೆ ಟವೆಲ್ ಹಾಕಿದ ಹಾಗೆ. ಹಿಂದಿನ ಎಲೆಕ್ಟ್ರಾನಿಗೆ ಮುಂದೆ ದಾರಿಯಿಲ್ಲ, ಬರುವ ಬೆಳಕಿಗೆ ಕೆಲಸವಿಲ್ಲ, ಹೊಳಪು ತುದಿಗೆ ಏರಿ ಅಲ್ಲೇ ನಿಲ್ಲುತ್ತದೆ. ಅಂದರೆ ನನ್ನ ಡಬ್ಬಿ ಐದೂ ರಾತ್ರಿ ಸತ್ಯ ಹೇಳ್ತಾನೇ ಇತ್ತು. ಕಣ್ಣಿಗೆ ಗಿಡ ಚೆನ್ನಾಗಿ ಕಂಡರೂ ಒಳಗೆ ಅಂಗಡಿ ಮುಚ್ಚಿತ್ತು.

ಗುರುವಾರ ಅದೇ ಬದುವಿನ ಪಕ್ಕದ ಕಬ್ಬಿನ ಗರಿ ತಂದೆ. ಅದಕ್ಕೂ ಔಷಧಿ ಬಿದ್ದಿತ್ತು, ಗೆರೆ ಮಾತ್ರ ನೀಟಾಗಿ ಇಳಿಯಿತು. ಕಬ್ಬು, ಮುಸುಕಿನ ಜೋಳ ಅಟ್ರಾಜಿನ್ನನ್ನು ತಮ್ಮೊಳಗೇ ನಿರ್ವಿಷ ಮಾಡಿಕೊಳ್ಳುತ್ತವೆ, ಅದಕ್ಕೇ ತಾನೆ ಈ ಬೆಳೆಗಳಿಗೆ ಅದನ್ನು ಹೊಡೆಯೋದು. ಓದಿ ಗೊತ್ತಿತ್ತು. ಬಿಸ್ಕತ್ ಡಬ್ಬಿಯಲ್ಲಿ ನೋಡೋದು ಬೇರೆ.

ಕಬ್ಬು ಅಂದಾಗ ನೆನಪಾಯಿತು, ಮುಂದಿನ ಆಟ ಆಲೆಮನೆಯದು. ಮೈಕ್ರೋಸ್ಕೋಪ್ ಕೆಳಗೆ ಹಾಲಿನ ಹನಿ ಇಟ್ಟು ಕೊಬ್ಬಿನ ಗೋಲಿಗಳು ನಡುಗೋದನ್ನು ವಿಡಿಯೊ ಮಾಡಿ, ಒಂದು ಫ್ರೇಮಿನಿಂದ ಇನ್ನೊಂದನ್ನು ಕಳೆದು, ಉಳಿದದ್ದಕ್ಕೆ ಫೂರಿಯರ್ ಲೆಕ್ಕ (ಚಿತ್ರವನ್ನು ಅಲೆಗಳಾಗಿ ಬಿಡಿಸೋ ಗಣಿತ) ಹಾಕಿದರೆ, ಗೋಲಿಗಳನ್ನು ಒಂದೊಂದಾಗಿ ಹಿಂಬಾಲಿಸದೆಯೇ ಅವುಗಳ ಓಡಾಟದ ವೇಗ ಸಿಗುತ್ತದೆ. ಚೆರ್ಬಿನೊ ಮತ್ತು ಟ್ರಾಪ್ಪೆ ಅನ್ನೋ ವಿಜ್ಞಾನಿಗಳು 2008ರಲ್ಲಿ ತೋರಿಸಿದ ದಾರಿ ಇದು. ಗೋಲಿಯ ಗಾತ್ರ ಗೊತ್ತಿದ್ದರೆ ದ್ರವ ಎಷ್ಟು ಮಂದ ಅನ್ನೋದೂ ಬರುತ್ತದೆ. ಹಾಲು ಪಳಗಿದ ಮೇಲೆ ಬೆಲ್ಲದ ಪಾಕ. ಆಲೆಮನೆಯ ಅಜ್ಜ ಒಂದು ತೊಟ್ಟು ನೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸಿ ಹದ ಹೇಳ್ತಾರೆ. ನನಗೆ ಅದಕ್ಕೆ ಲ್ಯಾಪ್‌ಟಾಪ್ ಬೇಕು. ಕುದಿಯೋ ಪಾಕವನ್ನು ಸ್ಲೈಡಿನ ಮೇಲೆ ಗಟ್ಟಿಯಾಗದಂತೆ ಹಿಡಿಯೋ ಉಪಾಯ ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಅಂಗಡಿಯವರಿಗೆ ಕ್ಷಮೆ ಕೇಳಿ ಬರೆದೆ, ಗೀರಿನ ತಕರಾರು ಮಾತ್ರ ವಾಪಸ್ ತಗೊಂಡಿಲ್ಲ.

ಈಗಿರೋ ತೊಂದರೆ ಚಿಕ್ಕಪ್ಪನದು. ಡಬ್ಬಿ ಏನು ಹೇಳುತ್ತದೆ ಅಂತ ಅವರಿಗೆ ಅರ್ಥ ಆಗಿಬಿಟ್ಟಿದೆ. ನಾಲ್ಕೂ ಮೂಲೆಯಿಂದ ಕಾಂಗ್ರೆಸ್ ಎಲೆ ಕಿತ್ತು ತಂದರು. ಮೂರರಲ್ಲಿ ಗೆರೆ ಮೇಲೆ ನಿಂತಿತು, ನಾಲೆ ಕಡೆಯ ಮೂಲೆಯದು ಮಾತ್ರ ನಿಧಾನವಾಗಿ 430ಕ್ಕೆ ಇಳಿಯಿತು. ಚಿಕ್ಕಪ್ಪ ಔಷಧಿ ಹೊಡೆದವನ ನಂಬರ್ ಹುಡುಕತೊಡಗಿದರು.