ಬಣ್ಣ ಆಮೇಲೆ, ಮೊದಲು ಸಂಪಿನ ಮುಚ್ಚಳ: ಅಪಾರ್ಟ್‌ಮೆಂಟ್ ಕಮಿಟಿಯಲ್ಲಿ ನನ್ನ ಮೂರು ತಿಂಗಳು

ವಾರ 1

ಮೀಟಿಂಗ್‌ನಲ್ಲಿ ಯಾರೂ ಕೈ ಎತ್ತಲಿಲ್ಲ. ಫೋನ್ ಬಂತೆಂದು ಎದ್ದು ಹೊರಗೆ ಹೋದೆ. ವಾಪಸ್ ಬರುವಷ್ಟರಲ್ಲಿ ನಾನೇ ಖಜಾಂಚಿ!

ನಮ್ಮದು ಬೆಂಗಳೂರಿನ ಅಂಚಿನಲ್ಲಿರುವ 48 ಮನೆಗಳ ಅಪಾರ್ಟ್‌ಮೆಂಟ್. ಕಾವೇರಿ ನೀರಿಲ್ಲ. ಎರಡು ಬೋರ್‌ವೆಲ್, ಸಾಲದ್ದಕ್ಕೆ ಟ್ಯಾಂಕರ್. ಹಳೆ ಕಮಿಟಿಯವರು ಕೊಟ್ಟ ದೂರಿನ ಪುಸ್ತಕ ತೆರೆದರೆ ಮುಕ್ಕಾಲು ಪಾಲು ಮೂರೇ ವಿಷಯ: ಪಾರ್ಕಿಂಗ್, ನಾಯಿ, ಬಣ್ಣ.

ವಾರ 2

ಪುಸ್ತಕ ಪಕ್ಕಕ್ಕಿಟ್ಟು ಸೆಕ್ಯೂರಿಟಿ ಅಣ್ಣನ ಜೊತೆ ಇಡೀ ಕಟ್ಟಡ ಸುತ್ತಿದೆ. ಸಂಪಿನ ಕಬ್ಬಿಣದ ಮುಚ್ಚಳದ ಒಂದು ಮೂಲೆ ತುಕ್ಕು ಹಿಡಿದು ಉದುರಿದೆ. ಬೀಗವೂ ಇಲ್ಲ. ಅದರಿಂದ ಹತ್ತು ಹೆಜ್ಜೆ ದೂರದಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಾರೆ. ಕರೆಂಟ್ ಹೋದಾಗ ಲಿಫ್ಟನ್ನು ಹತ್ತಿರದ ಮಹಡಿಗೆ ತಂದು ಬಾಗಿಲು ತೆಗೆಯುವ ಬ್ಯಾಟರಿ ಸತ್ತಿದೆ. ಜನರೇಟರ್ ಇರುವುದರಿಂದ ಯಾರಿಗೂ ಗೊತ್ತಾಗಿಲ್ಲ. ಬೆಂಕಿ ನಂದಿಸುವ ಸಿಲಿಂಡರ್‌ಗಳ ತಾರೀಖು ಮುಗಿದು ವರ್ಷವಾಗಿದೆ. ಈ ಮೂರರ ಬಗ್ಗೆ ದೂರಿನ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ ನೋಡಿ.

ಅವತ್ತು ರಾತ್ರಿಯೇ ಲೆಕ್ಕದ ಪುಸ್ತಕದ ಹಿಂದೆ ಬರೆದಿಟ್ಟೆ: ಪ್ರಾಣ, ನೀರು, ದುಡ್ಡು, ಆಮೇಲೆ ಅಂದಚಂದ. ಮುಚ್ಚಳಕ್ಕೆ ಮೂರು ಕೊಟೇಶನ್ ಬೇಕು ಎಂದರು ಒಬ್ಬರು. ನಾನು ಕಾಯಲಿಲ್ಲ. ಮರುದಿನವೇ ವೆಲ್ಡಿಂಗ್‌ನವನನ್ನು ಕರೆಸಿದೆ. ಬೈಗುಳ ತಿಂದೆ, ಬೇಜಾರಿಲ್ಲ.

ವಾರ 5

ನೀರಿನ ಸರದಿ. ದಿನಕ್ಕೆ 6,000 ಲೀಟರಿನ ಮೂರು ಟ್ಯಾಂಕರ್ ಬರುತ್ತಿದೆ. ಇಷ್ಟು ನೀರು ಎಲ್ಲಿ ಹೋಗುತ್ತಿದೆ?

ರಾತ್ರಿ 1 ಗಂಟೆಗೆ ಪಂಪ್ ನಿಲ್ಲಿಸಿ ಟೆರೇಸಿನ ಟ್ಯಾಂಕಿಗೆ ಕೋಲು ಇಳಿಸಿದೆ. 4 ಗಂಟೆಗೆ ಮತ್ತೆ ಇಳಿಸಿದೆ. ನೀರು 10 ಸೆಂಟಿಮೀಟರ್ ಇಳಿದಿತ್ತು. ಟ್ಯಾಂಕಿನ ಅಗಲ 3 ಮೀಟರ್, ಉದ್ದ 4 ಮೀಟರ್. ಅಂದರೆ ಊರೆಲ್ಲ ಮಲಗಿದ್ದ ಮೂರು ಗಂಟೆಯಲ್ಲಿ 1,200 ಲೀಟರ್ ಹೋಗಿದೆ. ಇದೇ ಲೆಕ್ಕದಲ್ಲಿ ದಿನಕ್ಕೆ 9,600 ಲೀಟರ್. ಒಂದೂವರೆ ಟ್ಯಾಂಕರಿಗಿಂತ ಜಾಸ್ತಿ!

ಅನುಮಾನ ಫ್ಲಶ್ ಟ್ಯಾಂಕುಗಳ ಮೇಲೆ. ಮನೆಮನೆಗೂ ಅಡುಗೆಯ ಕೆಂಪು ಬಣ್ಣದ ಪುಡಿ ಹಂಚಿದೆ. ಫ್ಲಶ್ ಟ್ಯಾಂಕಿಗೆ ಚಿಟಿಕೆ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಬೇಕು. ಕಮೋಡಿಗೆ ಬಣ್ಣ ಇಳಿದರೆ ವಾಲ್ವ್ ಸೋರುತ್ತಿದೆ ಅಂತ ಅರ್ಥ. (ಪುಡಿ ಸಿಗದ ಒಬ್ಬರು ಅರಿಶಿನ ಹಾಕಿದ್ದಾರೆ. ಅವರ ಕಮೋಡ್ ಇನ್ನೂ ಹಳದಿ.) 14 ಮನೆಯಲ್ಲಿ ಸೋರಿಕೆ ಸಿಕ್ಕಿತು. ಅದರಲ್ಲಿ ನಮ್ಮದೂ ಒಂದು.

ವಾರ 8

ಪ್ಲಂಬರ್ ಎರಡು ದಿನ ಕೂತು ವಾಷರ್ ಬದಲಿಸಿದ. ಮತ್ತೆ ರಾತ್ರಿ ಕೋಲು ಇಳಿಸಿದರೆ 4 ಸೆಂಟಿಮೀಟರ್. ದಿನಕ್ಕೆ ಸುಮಾರು ಒಂದು ಟ್ಯಾಂಕರ್ ಉಳಿದ ಹಾಗೆ. ಗೇಟಿನ ಪಕ್ಕದ ನಲ್ಲಿಗಳಿಗೆ ಏರೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಜಾಲರಿ) ಹಾಕಿಸಿದೆ. 2024ರ ನೀರಿನ ಬರದಲ್ಲಿ ಜಲಮಂಡಳಿ ಕಡ್ಡಾಯ ಅಂದಾಗಲೇ ಹಾಕಿಸಬೇಕಿತ್ತು.

ಪಾರ್ಕಿಂಗ್ ಜಗಳ ಹಾಗೇ ಇದೆ. ಮುಟ್ಟಿಲ್ಲ.

ವಾರ 12

ಟ್ಯಾಂಕರಿನಲ್ಲಿ ಉಳಿದ ದುಡ್ಡಿಗೆ ಬೇರೆ ಖಾತೆ ತೆರೆದೆವು. ಲಿಫ್ಟಿನ ಹಗ್ಗ, ಪಂಪ್, ಬೋರ್‌ವೆಲ್ ಮೋಟರ್ ಒಂದಲ್ಲ ಒಂದು ದಿನ ಕೈ ಕೊಡುತ್ತವೆ. ಆಗ ಮನೆಗೆ ಇಷ್ಟೆಂದು ವಸೂಲಿಗೆ ಹೊರಟರೆ ಅರ್ಧ ಜನ ಬಾಗಿಲೇ ತೆಗೆಯುವುದಿಲ್ಲ. ಬ್ಯಾಟರಿ ಬಂತು, ಸಿಲಿಂಡರ್ ತುಂಬಿಸಿದ್ದಾಯಿತು.

ಮೂರನೇ ಮಹಡಿಯ ಅಂಕಲ್ ಮಾತ್ರ ಸಿಕ್ಕಾಗಲೆಲ್ಲ "ಗಣೇಶನ ಹಬ್ಬಕ್ಕಾದರೂ ಬಣ್ಣ ಹೊಡೆಸ್ತೀರೇನಪ್ಪಾ?" ಅನ್ನುತ್ತಾರೆ. ಅವರ ಗೋಡೆ ಬೂಸ್ಟು ಹಿಡಿದಿರುವುದು ನಿಜ. ಆದರೆ ಟೆರೇಸಿನ ಬಿರುಕು ಮುಚ್ಚದೆ, ಗೋಡೆ ಒಣಗದೆ ಬಣ್ಣ ಬಳಿದರೆ ಅದು ಗುಳ್ಳೆ ಎದ್ದು ಉದುರುತ್ತದೆ. ಮಳೆ ಬೇರೆ ಶುರುವಾಗಿದೆ.

ಭಾನುವಾರ ಅವರನ್ನೇ ಟೆರೇಸಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಬಿರುಕು ನೋಡಿ ಏನಂತಾರೋ.